3ರಿಂದ 6 ವರ್ಷದ ಮಕ್ಕಳ ಆರೋಗ್ಯ ಮತ್ತು ಬೆಳವಣಿಗೆ: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಕೊಡಗಿನಲ್ಲಿ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ವರ್ಷದಲ್ಲಿ ಎರಡು ಕಷ್ಟದ ಕಾಲ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ಒಂದು. ಶೀತ, ಕೆಮ್ಮು, ಭೇದಿ, ಒಣಗದ ಬಟ್ಟೆ, ಮಳೆ ರಜೆಗೆ ಮುಚ್ಚಿದ ಅಂಗನವಾಡಿ. ಕಾಫಿ ಕುಯ್ಲಿನ ತಿಂಗಳುಗಳು ಇನ್ನೊಂದು. ದೊಡ್ಡವರೆಲ್ಲ ಬೆಳಿಗ್ಗೆಯೇ ತೋಟಕ್ಕೆ ಹೋಗುತ್ತಾರೆ, ಮಗು ಏನು ತಿಂದಿತು, ಎಷ್ಟು ತಿಂದಿತು ಎಂದು ನೋಡುವವರು ಇರುವುದಿಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ಕಾಲದವೇ. ಎರಡಕ್ಕೂ ಮೊದಲು, ಅಂದರೆ ಮೇ ಕೊನೆಗೊಮ್ಮೆ ಮತ್ತು ನವೆಂಬರ್‌ನಲ್ಲೊಮ್ಮೆ, ಮಗುವಿನ ತೂಕ ಹಾಕಿಸಿ ಬರೆದಿಟ್ಟುಕೊಳ್ಳಿ. ಮುಂದೆ ಏನು ತಪ್ಪಿದರೂ ಹೋಲಿಸಿ ನೋಡಲು ಒಂದು ಅಂಕಿ ಕೈಯಲ್ಲಿರುತ್ತದೆ.

ಮಗುವಿನ ತೂಕ ಸರಿಯಾಗಿದೆಯೇ ಎಂದು ಹೇಗೆ ತಿಳಿಯುವುದು?

ಒಂದು ದಿನದ ತೂಕ ನೋಡಿ ಹೆಚ್ಚೇನೂ ಹೇಳಲಾಗದು. ತಾಯಿ ಕಾರ್ಡಿನ (ಮಗುವಿನ ತೂಕ, ಲಸಿಕೆ ಬರೆದಿಡುವ ಸರಕಾರಿ ಕಾರ್ಡ್) ಪಟದಲ್ಲಿ ಗೆರೆ ಮೇಲೇರುತ್ತಿದೆಯೇ, ಮಲಗಿದೆಯೇ, ಇಳಿಯುತ್ತಿದೆಯೇ ಎಂಬುದನ್ನು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ 3 ತುಂಬಿದ ಗಂಡು ಮಗುವಿನ ಮಧ್ಯಮ ತೂಕ 14.3 ಕಿಲೋ, ಹೆಣ್ಣು ಮಗುವಿನದು 13.9. 4 ತುಂಬಿದಾಗ 16.3 ಮತ್ತು 16.1. 5 ತುಂಬಿದಾಗ 18.3 ಮತ್ತು 18.2. ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಗಾಬರಿ ಬೇಡ. ಆದರೆ 3 ವರ್ಷಕ್ಕೆ ಗಂಡು 11.3, ಹೆಣ್ಣು 10.8 ಕಿಲೋಗಿಂತ ಕೆಳಗಿದ್ದರೆ, 5 ವರ್ಷಕ್ಕೆ 14.1 ಮತ್ತು 13.7ಕ್ಕಿಂತ ಕೆಳಗಿದ್ದರೆ ಅದು ಕಡಿಮೆ ತೂಕವೇ. ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 2 ಕಿಲೋ ತೂಕ, 6ರಿಂದ 7 ಸೆಂಟಿಮೀಟರ್ ಎತ್ತರ ಏರಬೇಕು. ಮೂರು ತಿಂಗಳು ಗೆರೆ ಒಂಚೂರೂ ಏರದಿದ್ದರೆ ಕಾರಣ ಹುಡುಕಲೇಬೇಕು.

ತೂಕ ತಪ್ಪಾಗುವುದು ಹೆಚ್ಚಾಗಿ ಅಳೆಯುವಾಗಲೇ. ಮಳೆಗಾಲದಲ್ಲಿ ಸ್ವೆಟರ್, ಜರ್ಕಿನ್, ಗಂಬೂಟು ಸಮೇತ ತೂಗಿದರೆ ಅರ್ಧ ಕಿಲೋಗೂ ಹೆಚ್ಚು ಸುಳ್ಳು ತೂಕ ಬರುತ್ತದೆ. ಬೇಸಿಗೆಯಲ್ಲಿ ತೆಳು ಅಂಗಿಯಲ್ಲಿ ತೂಗಿದಾಗ ಮಗು "ಇಳಿದುಹೋಗಿದೆ" ಎನಿಸುತ್ತದೆ. ಒಳ ಉಡುಪು ಅಥವಾ ಒಂದು ತೆಳು ಅಂಗಿಯಲ್ಲಿ, ಅದೇ ತಕ್ಕಡಿಯಲ್ಲಿ, ಸಮತಟ್ಟಾದ ನೆಲದ ಮೇಲೆ, ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಿ ತೂಗಿ. ಎತ್ತರ ಅಳೆಯುವಾಗ ಜುಟ್ಟು ಬಿಚ್ಚಿ, ಹಿಮ್ಮಡಿ, ಪೃಷ್ಠ, ಭುಜ ಗೋಡೆಗೆ ತಾಗಿರಲಿ.

5 ವರ್ಷದೊಳಗಿನ ಮಕ್ಕಳಿಗೆ ತೋಳಿನ ಪಟ್ಟಿಯೂ ಉಂಟು. ಎಡ ರಟ್ಟೆಯ ಮಧ್ಯಭಾಗದಲ್ಲಿ, ಕೈ ಸಡಿಲವಾಗಿ ಇಳಿಬಿಟ್ಟಾಗ ಸುತ್ತಳತೆ 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ. 11.5ಕ್ಕಿಂತ ಕಡಿಮೆಯಾದರೆ, ಅಥವಾ ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ ತಡಮಾಡಬೇಡಿ. ಇಂತಹ ಮಕ್ಕಳಿಗೆ ಜಿಲ್ಲಾ ಆಸ್ಪತ್ರೆ ಮಟ್ಟದಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರವಿದೆ. ಸಾಮಾನ್ಯವಾಗಿ 14 ದಿನ ತಾಯಿಯ ಜೊತೆಯಲ್ಲೇ ಇರಿಸಿಕೊಂಡು ಆರೈಕೆ ಮಾಡುತ್ತಾರೆ. ಆ ದಿನಗಳ ಕೂಲಿ ನಷ್ಟಕ್ಕೆ ತಾಯಿಗೆ ಭತ್ಯೆಯೂ ಇದೆ. ಕುಯ್ಲಿನ ಸಮಯದಲ್ಲಿ "ಕೆಲಸ ಬಿಟ್ಟು ಹೇಗೆ ಇರುವುದು" ಎಂದು ಮುಂದೂಡುವ ಮನೆಗಳಿಗೆ ಈ ವಿಷಯ ಗೊತ್ತಿರಬೇಕು.

ಮಗು ಊಟವೇ ಮಾಡುವುದಿಲ್ಲ. ಎಷ್ಟು ತಿಂದರೆ ಸಾಕು?

4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕಿಲೋಕ್ಯಾಲರಿ, 16 ಗ್ರಾಂ ಪ್ರೋಟೀನ್, 11 ಮಿಲಿಗ್ರಾಂ ಕಬ್ಬಿಣಾಂಶ, 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕವಿದು. ಹೊಟ್ಟೆ ಚಿಕ್ಕದು, ಆದ್ದರಿಂದ ಮೂರು ಊಟದಲ್ಲಿ ಇಷ್ಟು ಹೋಗುವುದಿಲ್ಲ. ಮೂರು ಊಟದ ನಡುವೆ ಎರಡು ಸಲ ಏನಾದರೂ ಬೇಕು.

4 ವರ್ಷದ ಮಗುವಿನ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಒಂದು ಅಕ್ಕಿ ರೊಟ್ಟಿ ಅಥವಾ ಎರಡು ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಜೊತೆಗೆ ಒಂದು ಮೊಟ್ಟೆ ಅಥವಾ ಅರ್ಧ ಬಟ್ಟಲು ಕಾಳಿನ ಪಲ್ಯ. ಹತ್ತು ಹತ್ತೂವರೆಗೆ ಬಾಳೆಹಣ್ಣೋ ಕಿತ್ತಳೆಯೋ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಅರ್ಧ ಬಟ್ಟಲು ಗಟ್ಟಿ ಬೇಳೆ, ಕಾಲು ಬಟ್ಟಲು ಸೊಪ್ಪು. ಸಂಜೆ ಒಂದು ಲೋಟ ಹಾಲು, ಒಂದು ಎಳ್ಳುಂಡೆ. ರಾತ್ರಿ ಮಧ್ಯಾಹ್ನದಂತೆಯೇ, ಮೀನೋ ಕೋಳಿಯೋ ಇದ್ದರೆ ಎರಡು ಚಿಕ್ಕ ತುಂಡು. ಇಡೀ ದಿನದ ಅಡುಗೆಯಲ್ಲಿ ಆ ಮಗುವಿನ ಪಾಲಿಗೆ 4ರಿಂದ 5 ಟೀ ಚಮಚ ಎಣ್ಣೆ ಅಥವಾ ತುಪ್ಪ ಬೀಳಬೇಕು. ತೂಕ ಏರದ ಮಗುವಿಗೆ ಇದೇ ಮೊದಲ ಮದ್ದು: ಊಟದ ಪ್ರಮಾಣ ಹೆಚ್ಚಿಸುವ ಬದಲು ಅದೇ ಊಟಕ್ಕೆ ಒಂದು ಚಮಚ ತುಪ್ಪ ಬೆರೆಸಿ.

ಊಟ ಸೇರದ ಮಗುವಿನ ದಿನಚರಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಮೂರು. ಹನ್ನೊಂದು ಗಂಟೆಗೆ ಐದು ರೂಪಾಯಿಯ ಕುರುಕಲು ಪ್ಯಾಕೆಟ್, ದಿನವಿಡೀ ಬಿಸ್ಕತ್ತು, ಅಥವಾ ಬಾಟಲಿಯಲ್ಲಿ ಮುಕ್ಕಾಲು ಲೀಟರ್ ಹಾಲು. ಹಾಲು ದಿನಕ್ಕೆ 500 ಮಿಲಿಲೀಟರ್ ದಾಟಿದರೆ ಹಸಿವು ಸಾಯುತ್ತದೆ, ರಕ್ತಹೀನತೆಯೂ ಬರುತ್ತದೆ, ಏಕೆಂದರೆ ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಊಟಕ್ಕೆ ಒಂದೂವರೆ ಗಂಟೆ ಮೊದಲು ನೀರು ಬಿಟ್ಟು ಬೇರೇನೂ ಬೇಡ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿಬಿಡಿ. ಅಟ್ಟಿಸಿಕೊಂಡು ಹೋಗಿ ತುತ್ತು ತುರುಕಿದಷ್ಟೂ ಮಗು ಬಾಯಿ ಮುಚ್ಚುತ್ತದೆ.

ನಮ್ಮಲ್ಲಿ ಮಕ್ಕಳೂ ಬೆಲ್ಲದ ಕಾಫಿ ಕುಡಿಯುತ್ತಾರೆ. ಸ್ವಲ್ಪ ಕೊಟ್ಟರೆ ತೊಂದರೆಯೇ?

ಕೊಡಬೇಡಿ. ಈ ಪುಟದಲ್ಲಿ ನಾವು ಹೇಳುವ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಬೆಳಿಗ್ಗೆ ಒಲೆಯ ಮೇಲೆ ಕಪ್ಪು ಕಾಫಿ ಸದಾ ಬಿಸಿಯಾಗಿರುತ್ತದೆ, ಮಗು ರೊಟ್ಟಿಯನ್ನು ಅದರಲ್ಲೇ ಅದ್ದಿ ತಿನ್ನುತ್ತದೆ. ಕಾಫಿ, ಚಹಾ ಎರಡರಲ್ಲೂ ಇರುವ ಒಗರಿನ ಅಂಶ ಊಟದ ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣಕ್ಕೆ ಈ ಪೆಟ್ಟು ಇನ್ನೂ ಜಾಸ್ತಿ. ಮೇಲಾಗಿ ಬೆಲ್ಲದ ನೀರಿನಿಂದ ಹೊಟ್ಟೆ ತುಂಬಿದ ಹಾಗಾಗುತ್ತದೆ, ನಿದ್ದೆ ಕೆಡುತ್ತದೆ, ಹಲ್ಲು ಹುಳುಕಾಗುತ್ತದೆ. ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಎನ್ನುವವರಿದ್ದಾರೆ. ಒಂದು ಲೋಟಕ್ಕೆ ಹಾಕುವ ಬೆಲ್ಲದಲ್ಲಿ ಇರುವುದು ಅತ್ಯಲ್ಪ, ಅದನ್ನೂ ಕಾಫಿಯೇ ತಡೆಯುತ್ತದೆ.

ಬಿಡಿಸುವುದು ಕಷ್ಟವೇನಲ್ಲ. ಅದೇ ಲೋಟದಲ್ಲಿ, ಅದೇ ಹೊತ್ತಿಗೆ, ರಾಗಿ ಮಾಲ್ಟ್ ಅಥವಾ ಬೆಲ್ಲ ಹಾಕಿದ ಹಾಲು ಕೊಡಿ. ಮಗುವಿಗೆ ಬೇಕಿರುವುದು ದೊಡ್ಡವರ ಜೊತೆ ಒಲೆ ಮುಂದೆ ಕುಳಿತು ಬಿಸಿಯಾಗಿ ಏನಾದರೂ ಕುಡಿಯುವುದು. ಊಟದ ಜೊತೆ ಅರ್ಧ ನಿಂಬೆ, ನೆಲ್ಲಿಕಾಯಿ, ಸೀಬೆ, ಕಿತ್ತಳೆ ಯಾವುದಿದ್ದರೂ ಕೊಡಿ. ಇವುಗಳಲ್ಲಿರುವ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ.

ಕೆಸ, ಕಣಿಲೆ, ಅಣಬೆ, ಮದ್ದು ಸೊಪ್ಪು: ಪುಟ್ಟ ಮಕ್ಕಳಿಗೆ ಯಾವುದು ಆಗುತ್ತದೆ?

ಕೆಸದ ಸೊಪ್ಪು ಒಳ್ಳೆಯದು, ಆದರೆ ಅರೆಬೆಂದರೆ ಗಂಟಲು ತುರಿಸುತ್ತದೆ. ಕಾಚಂಪುಳಿಯೋ (ಕೊಡಗಿನ ಹುಳಿ ರಸ) ಹುಣಸೆಯೋ ಹಾಕಿ ಚೆನ್ನಾಗಿ ಬೇಯಿಸಿ, ಮೊದಲು ದೊಡ್ಡವರು ರುಚಿ ನೋಡಿ. ಕಣಿಲೆಯನ್ನು (ಎಳೆ ಬಿದಿರು) ಹಸಿಯಾಗಿ ಬಳಸಿದರೆ ವಿಷಾಂಶ ಇರುತ್ತದೆ. ತೆಳ್ಳಗೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಮತ್ತೆ ಕುದಿಸಿ ನೀರು ಚೆಲ್ಲಿದ ಮೇಲೆ ಒಂದೆರಡು ಚಮಚ ಕೊಡಬಹುದು. ಕಾಡಿನಲ್ಲಿ ಕಿತ್ತು ತಂದ ಅಣಬೆಯನ್ನು 6 ವರ್ಷದೊಳಗಿನವರಿಗೆ ಕೊಡಲೇಬೇಡಿ. ಕೆಲವು ಅಣಬೆಯ ವಿಷ ಯಕೃತ್ತಿಗೇ ಇಳಿಯುತ್ತದೆ, ಚಿಕ್ಕ ದೇಹಕ್ಕೆ ಅಪಾಯ ಇನ್ನೂ ಹೆಚ್ಚು.

ಕಕ್ಕಡ 18ರ (ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ) ಮದ್ದು ಸೊಪ್ಪಿನ ಪಾಯಸವನ್ನು ರುಚಿಗೆ ಎರಡು ಚಮಚ ಕೊಡುವ ವಾಡಿಕೆ ಇದೆ. ಮರುದಿನ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ. ಪಾಯಸ ತಿನ್ನದೆಯೇ ಮೂತ್ರ ಕೆಂಪಾದರೆ, ಅಥವಾ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ. ಹಂದಿ ಮಾಂಸ ಒಳಗೂ ಪೂರ್ತಿ ಬೆಂದಿರಲಿ, ಖಾರ ಕಡಿಮೆ ಇರಲಿ.

ಕಬ್ಬಿಣದ ಸಿರಪ್ ಕೊಟ್ಟರೆ ಮಲ ಕಪ್ಪಾಗುತ್ತದೆ. ನಿಲ್ಲಿಸಬೇಕೇ?

ನಿಲ್ಲಿಸಬೇಡಿ, ಹೀರದೆ ಉಳಿದ ಕಬ್ಬಿಣದ ಬಣ್ಣವದು. 5 ವರ್ಷದೊಳಗಿನವರಿಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಸಿರಪ್. ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 5 ತುಂಬಿದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆ. ಬಾಟಲಿಯ ಜೊತೆ ಬರುವ ಡ್ರಾಪರಿನಲ್ಲೇ ಅಳೆಯಿರಿ, ಚಮಚದ ಅಂದಾಜು ಬೇಡ. ಊಟವಾದ ಮೇಲೆ ಕೊಡಿ, ಹಾಲಿನ ಜೊತೆ ಬೇಡ. ಮಗುವಿಗೆ ಜ್ವರವಿದ್ದ ದಿನ ಬಿಟ್ಟು, ಇಳಿದ ಮೇಲೆ ಮುಂದುವರಿಸಿ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಬಂದರೆ ಈ ಪ್ರಮಾಣ ಸಾಲದು, ತೂಕ ನೋಡಿ ವೈದ್ಯರು ದಿನನಿತ್ಯದ ಡೋಸ್ ಬರೆಯುತ್ತಾರೆ. ಬಾಟಲಿ ಮಾತ್ರ ಮಕ್ಕಳ ಕೈಗೆ ಎಟುಕಬಾರದು. ಸಿಹಿಯೆಂದು ಪೂರ್ತಿ ಕುಡಿದುಬಿಟ್ಟರೆ ಅದು ವಿಷವೇ.

ಜಂತುಹುಳುವಿನ ಮಾತ್ರೆ ವರ್ಷಕ್ಕೆ ಎಷ್ಟು ಸಲ?

ಎರಡು ಸಲ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಫೆಬ್ರವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ನಡೆಯುತ್ತದೆ. 1ರಿಂದ 2 ವರ್ಷದವರಿಗೆ ಅಲ್ಬೆಂಡಜೋಲ್ 200 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. 2 ದಾಟಿದವರಿಗೆ 400 ಮಿಲಿಗ್ರಾಂನ ಪೂರ್ತಿ ಮಾತ್ರೆ. ಇಡಿಯಾಗಿ ನುಂಗಿಸಬೇಡಿ. ಚಿಕ್ಕವರಿಗೆ ಪುಡಿ ಮಾಡಿ ನೀರಲ್ಲಿ ಕಲಸಿ, ದೊಡ್ಡ ಮಕ್ಕಳು ಅಗಿದು ತಿನ್ನಲಿ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಿನಲ್ಲಿ ರಕ್ತ ಹೀರುತ್ತದೆ. ಹಾಗಾಗಿ ಚಪ್ಪಲಿ ಹಾಕಿಸದೆ ಬರೀ ಮಾತ್ರೆ ಕೊಟ್ಟರೆ ಮುಂದಿನ ತಿಂಗಳಿಗೆ ಮತ್ತೆ ಅದೇ ಕಥೆ.

ಅಸ್ಸಾಮಿನಿಂದ ಕೆಲಸಕ್ಕೆ ಬಂದವರು, ತಾಯಿ ಕಾರ್ಡ್ ಊರಲ್ಲೇ ಉಳಿದಿದೆ. ಇಲ್ಲಿ ಲಸಿಕೆ ಹಾಕುತ್ತಾರೆಯೇ?

ಹಾಕುತ್ತಾರೆ. ಯಾವ ರಾಜ್ಯದ ಮಗುವಾದರೂ ಸರಕಾರಿ ಲಸಿಕೆ ಉಚಿತ. ಸಾಮಾನ್ಯವಾಗಿ ಗುರುವಾರ ಉಪಕೇಂದ್ರ ಅಥವಾ ಅಂಗನವಾಡಿಯಲ್ಲಿ ಹಾಕುತ್ತಾರೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾರ್ಡ್ ಇದ್ದರೆ ಅದರ ಫೋಟೋ ತರಿಸಿಕೊಳ್ಳಿ. 16ರಿಂದ 24 ತಿಂಗಳಲ್ಲಿ ದಡಾರ-ರುಬೆಲ್ಲಾ 2ನೇ ಡೋಸ್, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಮೊದಲ ಬೂಸ್ಟರ್, ಪೋಲಿಯೊ ಬೂಸ್ಟರ್ ಆಗಿರಬೇಕು. ತಪ್ಪಿದ್ದರೆ ದಡಾರ-ರುಬೆಲ್ಲಾ 5 ವರ್ಷದವರೆಗೆ, ಡಿಪಿಟಿ 7 ವರ್ಷದವರೆಗೆ ಹಾಕಿಸಬಹುದು. ಎಲ್ಲರೂ ಮರೆಯುವುದು 5ರಿಂದ 6 ವರ್ಷದ ನಡುವಿನ ಡಿಪಿಟಿ 2ನೇ ಬೂಸ್ಟರ್. ವಿಟಮಿನ್ ಎ ದ್ರಾವಣ 9 ತಿಂಗಳಿಗೆ ಆರಂಭಿಸಿ, 6 ತಿಂಗಳಿಗೊಮ್ಮೆ, 5 ವರ್ಷದೊಳಗೆ ಒಟ್ಟು 9 ಡೋಸ್.

ಮಳೆಗಾಲ ಮುಗಿಯುವವರೆಗೂ ಕೆಮ್ಮು ಬಿಡುವುದಿಲ್ಲ. ಯಾವಾಗ ಆಸ್ಪತ್ರೆಗೆ?

ಉಸಿರು ಎಣಿಸಲು ಕಲಿಯಿರಿ. ಮಗು ಮಲಗಿದ್ದಾಗ ಅಥವಾ ಸುಮ್ಮನಿದ್ದಾಗ ಅಂಗಿ ಎತ್ತಿ ಹೊಟ್ಟೆಯ ಏರಿಳಿತ ನೋಡಿ. ಮೊಬೈಲಿನಲ್ಲಿ ಒಂದು ಪೂರ್ತಿ ನಿಮಿಷ ಇಟ್ಟುಕೊಂಡು ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 1ರಿಂದ 5 ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚು ಬಂದರೆ ನ್ಯುಮೋನಿಯಾ ಇರಬಹುದು, ಅದೇ ದಿನ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ನೀರನ್ನೂ ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ರಾತ್ರಿಯೇ ಆದರೂ 108ಕ್ಕೆ ಕರೆಮಾಡಿ. ರಸ್ತೆಗೆ ಮರ ಬಿದ್ದಿರುವ ದಿನಗಳಲ್ಲಿ ಬೆಳಗಾಗಲಿ ಎಂದು ಕಾಯುವುದು ಇನ್ನೂ ಅಪಾಯ, ಸಂಜೆಯೇ ಅನುಮಾನ ಬಂದರೆ ಸಂಜೆಯೇ ಹೊರಡಿ.

ಅಂಗಡಿಯಿಂದ ಕೆಮ್ಮಿನ ಸಿರಪ್ ತರಬೇಡಿ. 2 ವರ್ಷದೊಳಗಿನವರಿಗೆ ಬರೆಯಲೇಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಬಿಸಿನೀರು, ಮಲಗುವ ಮುನ್ನ ಅರ್ಧ ಚಮಚ ಜೇನು ಸಾಕು. (ಜೇನು 1 ವರ್ಷ ತುಂಬಿದ ಮೇಲೆ ಮಾತ್ರ.)

ಪ್ರತಿ ಮಳೆಗಾಲದಲ್ಲೂ ರಾತ್ರಿ ಕೆಮ್ಮು, ಸುಯ್ ಸುಯ್ ಸದ್ದು ಬಂದರೆ ಅಸ್ತಮಾ ಇದೆಯೇ ಎಂದು ನೋಡಬೇಕು. ಮನೆಯೊಳಗೆ ಕಾರಣ ಎರಡು: ಗೋಡೆಯ ಬೂಷ್ಟು, ಸೌದೆ ಒಲೆಯ ಹೊಗೆ. ಬಟ್ಟೆ ಒಣಗಲೆಂದು ಒಲೆಯ ಮೇಲೆ ಕಟ್ಟಿದರೆ ಹೊಗೆ ಬಟ್ಟೆಗೂ ಹಿಡಿಯುತ್ತದೆ, ಅದೇ ಬಟ್ಟೆ ಹೊದ್ದು ಮಗು ಮಲಗುತ್ತದೆ. ಅಡುಗೆಯ ಹೊತ್ತಿನಲ್ಲಿ ಮಗು ಬೇರೆ ಕೋಣೆಯಲ್ಲಿರಲಿ, ಹೊಗೆ ಗೂಡು ವರ್ಷಕ್ಕೊಮ್ಮೆ ಶುಚಿಯಾಗಲಿ. ಮತ್ತೊಂದು ಮಾತು: ಚಳಿಗೆ ಕೆಂಡದ ಬಾಣಲಿ ಒಳಗಿಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ.

ಜ್ವರದ ಸಿರಪ್ ಎಷ್ಟು ಕೊಡಬೇಕು?

ಪ್ಯಾರಸಿಟಮಾಲ್‌ನ್ನು ವಯಸ್ಸಿನಿಂದಲ್ಲ, ತೂಕದಿಂದ ಲೆಕ್ಕ ಹಾಕಬೇಕು: ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. 14 ಕಿಲೋ ಮಗುವಿಗೆ 210 ಮಿಲಿಗ್ರಾಂ. ತಪ್ಪಾಗುವುದು ಬಾಟಲಿಯಲ್ಲಿ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪೂ ಉಂಟು, 250 ಇರುವುದೂ ಉಂಟು. ಮೊದಲನೆಯದಾದರೆ ಈ ಮಗುವಿಗೆ ಸುಮಾರು 8 ಮಿಲಿಲೀಟರ್, ಎರಡನೆಯದಾದರೆ 4. ಹಳೆಯ ಬಾಟಲಿಯ ಅಳತೆಯನ್ನೇ ಹೊಸದಕ್ಕೂ ಬಳಸಿದರೆ ಇಮ್ಮಡಿ ಡೋಸ್ ಹೋಗಿಬಿಡುತ್ತದೆ. ಎರಡು ಡೋಸ್ ನಡುವೆ 6 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಆಸ್ಪಿರಿನ್ ಬೇಡ. ಮೂರನೇ ದಿನವೂ ಜ್ವರ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಭೇದಿಯಾದಾಗ?

1 ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಒಂದು ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿದರೆ ಉಪ್ಪಿನ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ. ಸಕ್ಕರೆ ಸೇರಿಸಬೇಡಿ, ಕಲಸಿದ ಮೇಲೆ ಕುದಿಸಬೇಡಿ, 24 ಗಂಟೆಯ ನಂತರ ಚೆಲ್ಲಿ. ಪ್ರತಿ ಭೇದಿಯ ನಂತರ 100ರಿಂದ 200 ಮಿಲಿಲೀಟರ್. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಕೊಡಿ. ಜೊತೆಗೆ ಸತುವಿನ ಮಾತ್ರೆ 20 ಮಿಲಿಗ್ರಾಂ, ದಿನಕ್ಕೊಂದು, 14 ದಿನ. ಭೇದಿ ಮೂರನೇ ದಿನ ನಿಂತರೂ ಮಾತ್ರೆ ನಿಲ್ಲಿಸಬಾರದು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, 6 ಗಂಟೆಯಿಂದ ಮೂತ್ರವಿಲ್ಲ ಎಂದಾದರೆ ಆಸ್ಪತ್ರೆ. ಜುಲೈನಲ್ಲಿ ತೋಡಿನ ನೀರು, ತೆರೆದ ಬಾವಿಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ.

ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಕಜ್ಜಿ ಒಬ್ಬರಿಂದ ಒಬ್ಬರಿಗೆ ಹರಡುತ್ತಲೇ ಇದೆ.

ಮಗುವಿಗೆ ಮಾತ್ರ ಮುಲಾಮು ಹಚ್ಚುವುದರಿಂದ ಹೀಗಾಗುತ್ತದೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿ ಎಲ್ಲರೂ ಒಂದೇ ರಾತ್ರಿ 5 ಶೇಕಡಾ ಪರ್ಮೆಥ್ರಿನ್ ಹಚ್ಚಬೇಕು. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಹೊಕ್ಕುಳ, ಉಗುರಿನ ಅಂಚು ಬಿಡದಂತೆ. 8ರಿಂದ 14 ಗಂಟೆ ಬಿಟ್ಟು ಸ್ನಾನ. 7 ದಿನದ ನಂತರ ಮತ್ತೊಮ್ಮೆ. ಗರ್ಭಿಣಿಯರು, ಹಸುಗೂಸು ಇದ್ದರೆ ಮೊದಲು ವೈದ್ಯರನ್ನು ಕೇಳಿ. ಬಟ್ಟೆ ಕಂಬಳಿಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಡಿಕೇರಿ ಕಡೆ ಜುಲೈನಲ್ಲಿ ಬಿಸಿಲೆಲ್ಲಿ? ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮನುಷ್ಯರ ಚರ್ಮ ಸಿಗದೆ ಹುಳು ಸಾಯುತ್ತದೆ. ಮದ್ದು ಹಚ್ಚಿದ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು, ಅದಕ್ಕೆ ಮತ್ತೆ ಮತ್ತೆ ಹಚ್ಚಬೇಡಿ.

ಇಂಬಳ (ಜಿಗಣೆ) ಕಚ್ಚಿದ್ದರೆ ಕಿತ್ತೆಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಹತ್ತು ನಿಮಿಷ ಒತ್ತಿಹಿಡಿಯಿರಿ. ಮೂಗಿನೊಳಗೆ ಹೋಗಿದ್ದರೆ ಆಸ್ಪತ್ರೆ.

ಕಿವಿ ಸೋರುತ್ತಿದೆ, ಬಿಸಿ ಎಣ್ಣೆ ಬಿಡಬಹುದೇ?

ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಶುಭ್ರ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕೀವು ಹೀರಿಸಿ, ವೈದ್ಯರಿಗೆ ತೋರಿಸಿ. ಶೀತ ಹೆಚ್ಚಿರುವ ತಿಂಗಳುಗಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಮಗುವಿಗೆ ಅರೆಕಿವುಡು ಬರಬಹುದು, ನೋವೂ ಇರುವುದಿಲ್ಲ. "ಕರೆದರೆ ತಿರುಗುವುದಿಲ್ಲ, ಹಟ" ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ನಿಜಕ್ಕೂ ಕೇಳಿಸುತ್ತಿರುವುದಿಲ್ಲ.

ಮನೆಯಲ್ಲಿ ಒಂದು ಭಾಷೆ, ಅಂಗನವಾಡಿಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್. ಇದರಿಂದಲೇ ಮಾತು ತಡವಾಗುತ್ತಿದೆಯೇ?

ಇಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಎರವ, ಕುರುಬ, ತಮಿಳು, ಹೀಗೆ ಒಂದೇ ಅಂಗನವಾಡಿಯಲ್ಲಿ ನಾಲ್ಕೈದು ಮನೆಮಾತಿನ ಮಕ್ಕಳು ಕುಳಿತಿರುತ್ತಾರೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದು ಮಾತಿನ ದೋಷಕ್ಕೆ ಕಾರಣವಲ್ಲ. ಮಗು "ಅಮ್ಮ, ಪಾಲ್ ಬೇಕು" ಎಂದು ಮನೆಮಾತನ್ನೂ ಕನ್ನಡವನ್ನೂ ಬೆರೆಸಿದರೆ ಅದು ಗೊಂದಲವಲ್ಲ, ತನ್ನಲ್ಲಿರುವ ಎಲ್ಲ ಪದಗಳನ್ನೂ ಬಳಸಿಕೊಳ್ಳುತ್ತಿದೆ ಅಷ್ಟೇ. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಬೇಕು. ಕನ್ನಡದ್ದನ್ನು ಮಾತ್ರ ಎಣಿಸಿ "ಹಿಂದಿದೆ" ಎನ್ನುವುದು ಅನ್ಯಾಯ.

ಮನೆಮಾತನ್ನು ನಿಲ್ಲಿಸಿ ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎನ್ನುವುದನ್ನು ದಯವಿಟ್ಟು ಬಿಡಿ. ತಾಯಿಗೆ ಸಲೀಸಾದ ಭಾಷೆಯಲ್ಲಿ ಕತೆ ಬರುತ್ತದೆ, ಹಾಡು ಬರುತ್ತದೆ, ಯಾಕೆ ಏನು ಎಂಬ ಮಾತು ಬರುತ್ತದೆ. ಆ ಮಾತಿನಿಂದಲೇ ಮುಂದಿನ ಎಲ್ಲ ಭಾಷೆಗಳಿಗೂ ಬುನಾದಿ ಬೀಳುತ್ತದೆ. ಹಾಡಿಯಿಂದ (ಬುಡಕಟ್ಟು ಜನರ ವಸತಿ) ಬಂದ ಮಗು ಅಂಗನವಾಡಿಯಲ್ಲಿ ಮೊದಲ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ತುಟಿ ಬಿಚ್ಚದೆ ಕೂರಬಹುದು. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದರೆ ಕಾಯಿರಿ. ಟೀಚರ್ ಅದರ ಮನೆಮಾತಿನ ಹತ್ತು ಪದ ಕಲಿತರೆ (ನೀರು, ಹಸಿವು, ನೋವು, ಅಮ್ಮ, ಒಂದಕ್ಕೆ ಹೋಗಬೇಕು) ಮಗು ಬೇಗ ಬಾಯಿ ಬಿಡುತ್ತದೆ.

ಚಿಂತಿಸಬೇಕಾದ್ದು ಯಾವಾಗ ಎಂದರೆ, ಯಾವ ಭಾಷೆಯಲ್ಲೂ ಮಾತು ಮೂಡದಿದ್ದಾಗ. 3 ತುಂಬಿದರೂ ಎರಡು ಮೂರು ಪದ ಜೋಡಿಸದಿದ್ದರೆ, ಹೆಸರು ಕರೆದರೆ ನೋಡದಿದ್ದರೆ, ಬೇಕಾದ್ದನ್ನು ಬೆರಳಿಟ್ಟು ತೋರಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ತೊದಲು ಆರು ತಿಂಗಳು ಮೀರಿದರೆ, ಅಥವಾ ಮಾತಾಡುವಾಗ ಮುಖ ಬಿಗಿಯಾದರೆ ತೋರಿಸಿ. ಅಲ್ಲಿಯವರೆಗೆ ಮಗುವಿನ ಮಾತು ಮುಗಿಯುವವರೆಗೆ ಕಾಯಿರಿ, ಪದ ಹೇಳಿಕೊಡಬೇಡಿ.

ಯಾವ ವಯಸ್ಸಿಗೆ ಏನು ಮಾಡಬೇಕು?

3ಕ್ಕೆ ಎರಡೂ ಕಾಲಲ್ಲಿ ಜಿಗಿಯಬೇಕು, ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಬೇಕು, ಗುಂಡು ಗೆರೆ ನೋಡಿ ಬರೆಯಬೇಕು. 4ಕ್ಕೆ ಕುಂಟಾಟ, ಕೂಡಿಸುವ ಚಿಹ್ನೆ ಬರೆಯುವುದು, ದೊಡ್ಡ ಗುಂಡಿ ಹಾಕುವುದು, ಹೊರಗಿನವರಿಗೂ ತಿಳಿಯುವಂತೆ ಮಾತು. 5ಕ್ಕೆ ತ್ರಿಕೋನ, ಹತ್ತರವರೆಗೆ ಎಣಿಕೆ, ತಾನೇ ಬಟ್ಟೆ ಹಾಕಿಕೊಳ್ಳುವುದು. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಪರವಾಗಿಲ್ಲ. ಬಂದಿದ್ದ ಕೆಲಸ ಮರೆತುಹೋದರೆ ಮಾತ್ರ ಯಾವ ವಯಸ್ಸಿನಲ್ಲೇ ಆಗಲಿ ತಡಮಾಡಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಬರುವ ದಿನ ಟೀಚರಿಂದ ತಿಳಿದು ಮಗುವನ್ನು ತಪ್ಪದೆ ಕಳಿಸಿ, ನಿಮ್ಮ ಅನುಮಾನ ಚೀಟಿಯಲ್ಲಿ ಬರೆದುಕೊಡಿ.

ಮಳೆಯಲ್ಲಿ ಹೊರಗೆ ಬಿಡಲಾಗದು, ಮೊಬೈಲ್ ಕೊಡದೆ ಬೇರೆ ದಾರಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 3–4 ವರ್ಷದವರಿಗೆ ಹೇಳಿರುವುದು ದಿನಕ್ಕೆ ಹೆಚ್ಚೆಂದರೆ 1 ಗಂಟೆ ಪರದೆ, ಕನಿಷ್ಠ 3 ಗಂಟೆ ಮೈಯಾಡಿಸುವ ಆಟ, 10ರಿಂದ 13 ಗಂಟೆ ನಿದ್ದೆ. ಊಟದ ಹೊತ್ತಿಗೂ ಮಲಗುವ ಮುಂಚಿನ ಒಂದು ಗಂಟೆಯೂ ಮೊಬೈಲ್ ಬೇಡ. ಅಡುಗೆಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಿ. ಬಿಸಿ ಆರಿದ ತರಿ ಹಿಟ್ಟನ್ನು ಎರಡು ಅಂಗೈ ನಡುವೆ ಇಟ್ಟು ಕಡಂಬುಟ್ಟು ಉರುಳಿಸಲು ಕೊಡಿ. ಒತ್ತಿದರೆ ಚಪ್ಪಟೆಯಾಗುತ್ತದೆ, ಸಡಿಲ ಬಿಟ್ಟರೆ ಒಡೆಯುತ್ತದೆ. ಆ ಹದ ಸಿಗುವ ಹೊತ್ತಿಗೆ ಪೆನ್ಸಿಲ್ ಹಿಡಿಯಲು ಬೇಕಾದ ಬೆರಳ ಬಲವೂ ಬಂದಿರುತ್ತದೆ. ಜಗಲಿಯಲ್ಲಿ ಗೋಣಿಚೀಲ ಹಾಸಿ ಜಿಗಿತ, ಕಪ್ಪೆ ನಡಿಗೆ, ಎಸೆಯಲು ಬಟ್ಟೆಯ ಚೆಂಡು. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಗಂಬೂಟು ಹಾಕಿಸಿ ಅಂಗಳಕ್ಕೆ ಬಿಡಿ, ಒದ್ದೆಯಾದ ಮಾತ್ರಕ್ಕೆ ಶೀತ ಬರುವುದಿಲ್ಲ.

ಕುಯ್ಲಿನ ತಿಂಗಳಲ್ಲಿ ಮಗುವನ್ನು ಎಲ್ಲಿ ಬಿಡುವುದು?

ಅಂಗನವಾಡಿಗೇ. ಅಲ್ಲಿ 3ರಿಂದ 6 ವರ್ಷದವರಿಗೆ ದಿನವೂ ಪ್ರೋಟೀನ್ ಇರುವ ಆಹಾರ ಸಿಗುತ್ತದೆ. ಅಂದರೆ ಮಗುವಿನ ದಿನದ ಪ್ರೋಟೀನಿನ ಹೆಚ್ಚು ಭಾಗ ಅಲ್ಲೇ ಆಯಿತು. ವರ್ಷವಿಡೀ ಕಳಿಸಿ ಕುಯ್ಲಿನಲ್ಲಿ ಬಿಡಿಸಿದರೆ ಬೇಕಾದ ಹೊತ್ತಿಗೇ ಅದು ತಪ್ಪುತ್ತದೆ. ಅಂಗನವಾಡಿ ಮುಗಿದ ಮೇಲಿನ ಹೊತ್ತಿಗೆ ಲೈನಿನ ಮನೆಗಳು ಸೇರಿ ಒಬ್ಬ ಹಿರಿಯರನ್ನು ಗೊತ್ತುಮಾಡಿಕೊಳ್ಳಿ. ಎಂಟು ವರ್ಷದ ಅಕ್ಕನ ಮೇಲೆ ಬಿಡುವುದು ಇಬ್ಬರು ಮಕ್ಕಳಿಗೂ ಅಪಾಯ. ಆನೆ ಓಡಾಟವಿರುವ ಕಡೆ ಮಕ್ಕಳನ್ನು ಗುಂಪಾಗಿ, ದೊಡ್ಡವರೊಬ್ಬರ ಜೊತೆ ಮಾತ್ರ ಕಳಿಸಿ.

ತೋಟದ ಮನೆಯಲ್ಲಿ ಯಾವ ಅಪಾಯಗಳ ಮೇಲೆ ಕಣ್ಣಿಡಬೇಕು?

ಕಳೆ ಮದ್ದು, ಮೈಲುತುತ್ತವನ್ನು ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಎಲ್ಲಕ್ಕಿಂತ ದೊಡ್ಡ ಅಪಾಯ. ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕೊಡಬೇಡಿ. ಮದ್ದಿನ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ತೊಟ್ಟಿ, ಕೆರೆ, ತೆರೆದ ಗುಂಡಿಗೆ ಬೇಲಿ ಇರಲಿ.

ಕಡಲೆಬೀಜ, ಅಡಿಕೆ ಚೂರು, ರಂಬುಟಾನ್, ಹಲಸಿನ ಬೀಜ, ಕಾಫಿ ಬೀಜ ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುವ ವಸ್ತುಗಳು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬಿನ ನಡುವೆ ಅಂಗೈಯಿಂದ 5 ಪೆಟ್ಟು. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ವಸ್ತು ಹೊರಬರುವವರೆಗೆ ಒಂದಾದ ಮೇಲೊಂದು ಮಾಡುತ್ತಿರಿ. ಕಾಣದೆ ಬಾಯಿಗೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ.

ನಾಯಿ ಕಚ್ಚಿದರೆ, ಪರಚಿದರೂ ಸಹ, ಹರಿವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ. ಹಾವು ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ. ಕಾಲನ್ನು ಅಲುಗಾಡಿಸದೆ ಎತ್ತಿಕೊಂಡು ಆಸ್ಪತ್ರೆಗೆ.

ಹಾಲುಹಲ್ಲು ಹೇಗೂ ಬೀಳುತ್ತದಲ್ಲ?

ಹಿಂದಿನ ಹಾಲುಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ಅಲ್ಲಿಯವರೆಗೆ ನೋವಿನಲ್ಲಿ ಅಗಿಯಲಾಗದೆ ಮಗು ಮೆತ್ತಗಿನದನ್ನೇ ತಿನ್ನುತ್ತದೆ. ಬಟಾಣಿ ಗಾತ್ರದಷ್ಟು ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, 6–7 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಸುಮಾರು 6 ವರ್ಷಕ್ಕೆ ಹಿಂದೆ ಹೊಸದಾಗಿ ಮೂಡುವ ದವಡೆ ಹಲ್ಲು ಶಾಶ್ವತವಾದದ್ದು, ಅದನ್ನು ಹಾಲುಹಲ್ಲೆಂದು ಕಡೆಗಣಿಸಬೇಡಿ.

5 ವರ್ಷವಾದರೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತದೆ.

ಈ ವಯಸ್ಸಿಗೆ ಸಹಜ. ಬೈಯಬೇಡಿ. ಮಲಗುವ ಮುಂಚೆ ಒಂದಕ್ಕೆ ಮಾಡಿಸಿ, ಮಲಬದ್ಧತೆ ಇದ್ದರೆ ಸರಿಪಡಿಸಿ. ಹಗಲಲ್ಲೂ ಆಗುತ್ತಿದ್ದರೆ, ಉರಿ ಇದ್ದರೆ, ಅಥವಾ ಆರು ತಿಂಗಳು ನಿಂತು ಮತ್ತೆ ಶುರುವಾದರೆ ಮೂತ್ರ ಪರೀಕ್ಷೆ ಮಾಡಿಸಿ.

ಐದಕ್ಕೇ ಒಂದನೇ ತರಗತಿಗೆ ಸೇರಿಸಿದರೆ ಒಂದು ವರ್ಷ ಉಳಿಯುತ್ತದಲ್ಲವೇ?

ರಾಜ್ಯದ ನಿಯಮದ ಪ್ರಕಾರ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಕೆಲವು ವರ್ಷ ಸಡಿಲಿಕೆ ಬಂದಿರುವುದರಿಂದ ಸೇರಿಸುವ ಮುನ್ನ ಆ ಸಾಲಿನ ಆದೇಶವನ್ನು ಶಾಲೆಯಲ್ಲಿ ಕೇಳಿ. ಸಡಿಲಿಕೆ ಇದ್ದರೂ ಅವಸರ ಬೇಡ. ಐದರ ಬೆರಳುಗಳಿಗೆ ಎರಡು ಸಾಲಿನ ನಡುವೆ ಬರೆಯುವ ಹಿಡಿತ ಇನ್ನೂ ಬಂದಿರುವುದಿಲ್ಲ, ನಲವತ್ತು ನಿಮಿಷ ಕೂರಲೂ ಆಗುವುದಿಲ್ಲ. ಆ ವರ್ಷವನ್ನು ಅಂಗನವಾಡಿಯಲ್ಲೋ ಯುಕೆಜಿಯಲ್ಲೋ ಕಳೆಯಲಿ. ಸೇರಿಸುವ ಮುಂಚಿನ ಬೇಸಿಗೆಯಲ್ಲಿ ಕಣ್ಣು, ಕಿವಿ, ಹಲ್ಲು ಒಮ್ಮೆ ತೋರಿಸಿ, ಡಿಪಿಟಿ ಬೂಸ್ಟರ್ ಹಾಕಿಸಿ, ತಾಯಿ ಕಾರ್ಡಿನ ನಕಲನ್ನು ಜನನ ಪ್ರಮಾಣಪತ್ರದ ಜೊತೆಗಿಡಿ.